ಒಂದು ನಡಿಗೆಗಾಗಿ ಹಾಸಿದ ಹೂವು: ಸ್ಪೆಲ್ಲೋ ಊರಿನ ಇನ್ಫಿಯೋರಾತಾ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಇಟಲಿಯ ಉಂಬ್ರಿಯಾ ಪ್ರಾಂತ್ಯದ ಸ್ಪೆಲ್ಲೋ ಎಂಬ ಊರು. 1290 ಮೀಟರ್ ಎತ್ತರದ ಸುಬಾಸಿಯೋ ಬೆಟ್ಟದ ದಕ್ಷಿಣದ ಇಳಿಜಾರಿಗೆ ಆತುಕೊಂಡು ನಿಂತಿರುವ ಈ ಊರಿನ ಮನೆಗಳಿಗೂ ಗೋಡೆಗಳಿಗೂ ಬಳಸಿರುವುದು ಆ ಬೆಟ್ಟದ್ದೇ ನಸುಗೆಂಪು ಕಲ್ಲು. ಸಂತ ಫ್ರಾನ್ಸಿಸರ ಅಸ್ಸೀಸಿ ಇದೇ ಬೆಟ್ಟದ ಇನ್ನೊಂದು ಮಗ್ಗುಲಿನಲ್ಲಿದೆ.

ಇಂದು ಶನಿವಾರ, ಕತ್ತಲಾಗುತ್ತಿದೆ. ನಾಳೆ ಕಾರ್ಪುಸ್ ದೋಮಿನಿ, ಅಂದರೆ ಪರಮಪ್ರಸಾದದ ಹಬ್ಬ. ಕ್ಯಾಥೊಲಿಕರು ಕ್ರಿಸ್ತನ ಶರೀರವೆಂದು ನಂಬುವ, ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯೇ ಪರಮಪ್ರಸಾದ. ನಾಳೆ ಬೆಳಿಗ್ಗೆ ಧರ್ಮಾಧ್ಯಕ್ಷರು, ಅಂದರೆ ಬಿಷಪ್, ಪರಮಪ್ರಸಾದವನ್ನು ಹಿಡಿದು ಈ ಬೀದಿಗಳಲ್ಲಿ ನಡೆಯಲಿದ್ದಾರೆ. ಅವರು ನಡೆಯುವ ಸುಮಾರು ಒಂದೂವರೆ ಕಿಲೋಮೀಟರ್ ದಾರಿಗೆ ಊರಿನವರು ಈ ಒಂದೇ ರಾತ್ರಿಯಲ್ಲಿ ಹೂ ಹಾಸಬೇಕು. ಇದನ್ನೇ ಇಲ್ಲಿ ಇನ್ಫಿಯೋರಾತಾ ಎನ್ನುತ್ತಾರೆ. ಹೂ ಹಾಸುವವರಿಗೆ ಇನ್ಫಿಯೋರಾತೋರಿ ಎಂದು ಹೆಸರು.

ಒಂದೇ ರಾತ್ರಿ ಎಂದೆ, ಆದರೆ ಕೆಲಸ ಶುರುವಾಗುವುದು ತಿಂಗಳುಗಳ ಮೊದಲು. ಬೆಟ್ಟದಲ್ಲಿ ಯಾವ ಹೂ ಯಾವಾಗ ಅರಳುತ್ತದೆಯೋ ಆಗಲೇ ಹೋಗಿ ಕಿತ್ತು ತರಬೇಕು. ಈಸ್ಟರಿನ ದಿನಾಂಕಕ್ಕೆ ತಕ್ಕಂತೆ ಈ ಹಬ್ಬ ಮೇ ಕೊನೆಯಿಂದ ಜೂನ್ ಕೊನೆಯವರೆಗೆ ಎಲ್ಲಿಗಾದರೂ ಸರಿಯಬಹುದು. ಹೂವು ಮಾತ್ರ ಪಂಚಾಂಗ ನೋಡಿ ಅರಳುವುದಿಲ್ಲ. ಆದ್ದರಿಂದ ಮೊದಲೇ ಅರಳಿದ್ದನ್ನು ಕಿತ್ತು, ಬಿಸಿಲು ತಾಗದ ಹಾಗೆ ಒಣಗಿಸಿ ಕಾಪಿಡುತ್ತಾರೆ, ತಡವಾಗಿ ಅರಳುವುದನ್ನು ಕೊನೆಯ ದಿನಗಳಲ್ಲಿ ತಾಜಾ ತರುತ್ತಾರೆ. ಹಳದಿಗೆ ಜಿನೆಸ್ತ್ರಾ ಎಂಬ ಪೊದೆಯ ಹೂ, ಹಸಿರಿಗೆ ಕಾಡು ಸೋಂಪಿನ ನವಿರಾದ ಎಲೆ, ನೀಲಿಗೆ ಗೋಧಿ ಹೊಲಗಳಲ್ಲಿ ಬೆಳೆಯುವ ಕಾರ್ನ್‌ಫ್ಲವರ್. ತಾಜಾ ಇದ್ದಾಗ ಕೆಂಡದಂತೆ ಕೆಂಪಾಗಿರುವ, ಗಸಗಸೆ ಜಾತಿಯ ಪಾಪಿ (poppy) ಹೂ ಒಣಗಿದರೆ ಕಪ್ಪಡರುತ್ತದೆ, ಹಾಗಾಗಿ ಒಂದೇ ಹೂವಿನಿಂದ ಎರಡು ಬಣ್ಣ ಸಿಗುತ್ತದೆ. ಬಣ್ಣ ಕಲಸಿದ ಪುಡಿಗೆ ಇಲ್ಲಿ ಜಾಗವಿಲ್ಲ. ಚಿತ್ರದ ಪ್ರತಿಯೊಂದು ಛಾಯೆಯೂ ಗಿಡದಿಂದಲೇ ಬಂದಿರಬೇಕು.

ಕಿತ್ತು ತಂದ ಹೂವಿನ ತೊಟ್ಟು ಮುರಿದು, ಎಸಳು ಬಿಡಿಸಿ, ಬಣ್ಣದ ಪ್ರಕಾರ ಬೇರ್ಪಡಿಸುವ ಕೆಲಸಕ್ಕೆ ಇಲ್ಲಿನವರು ಕಾಪಾತೂರಾ ಎನ್ನುತ್ತಾರೆ. ನಿನ್ನೆ ಒಂದು ಗುಂಪಿನವರು ನನ್ನನ್ನು ಗ್ಯಾರೇಜಿನೊಳಗಿನ ತಮ್ಮ ಉದ್ದನೆಯ ಮೇಜಿನ ಬಳಿ ಕೂರಿಸಿಕೊಂಡರು. ಅಜ್ಜಿಯರು, ಶಾಲೆಯ ಮಕ್ಕಳು, ಕೆಲಸದಿಂದ ನೇರವಾಗಿ ಬಂದವರು ಎಲ್ಲರೂ ಸುತ್ತ ಕುಳಿತಿದ್ದರು. ಮೂರು ಗಂಟೆ ಬಿಡಿಸಿದರೂ ನನ್ನ ಪೆಟ್ಟಿಗೆಯ ತಳ ಮುಚ್ಚಿರಲಿಲ್ಲ. ನಾನು ದಕ್ಷಿಣ ಕನ್ನಡದ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವಳು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನವೂ ಬೆಳಗಾಗುವ ಮೊದಲೇ ಎದ್ದು, ಬೇಲಿಯ ಬದಿಯಲ್ಲಿ ಮಳೆಯ ಹನಿ ಹೊತ್ತ ಹೂಗಳನ್ನು ಕೊಯ್ದು, ಬಾಲ ಮರಿಯಮ್ಮನವರಿಗೆ ಅರ್ಪಿಸಲು ಚರ್ಚಿಗೆ ಒಯ್ಯುತ್ತಿದ್ದೆವು. ಆ ಮೇಜಿನ ಮುಂದೆ ಕುಳಿತಾಗ ನನ್ನ ಬೆರಳುಗಳಿಗೆ ಆ ಬೆಳಗಿನ ನೆನಪು ತಾನಾಗಿಯೇ ಬಂತು. ಭಾಷೆ ಬಾರದಿದ್ದರೂ ಅಲ್ಲಿ ನನಗೆ ಪರಕೀಯತೆ ಅನ್ನಿಸಲಿಲ್ಲ.

ಈ ಹಬ್ಬದ ಹಿನ್ನೆಲೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಅದಕ್ಕೂ ಈ ಸೀಮೆಗೂ ನಂಟಿದೆ. ಈಗಿನ ಬೆಲ್ಜಿಯಂನ ಲಿಯೇಜಿನಲ್ಲಿ ಜೂಲಿಯಾನಾ ಎಂಬ ಸನ್ಯಾಸಿನಿಯ ಒತ್ತಾಸೆಯಿಂದ 1246ರಲ್ಲಿ ಅಲ್ಲಿನ ಧರ್ಮಾಧ್ಯಕ್ಷರು ಈ ಆಚರಣೆಗೆ ಅಪ್ಪಣೆ ಕೊಟ್ಟರು. ಹಿಂದೆ ಅದೇ ಲಿಯೇಜಿನಲ್ಲಿ ಸೇವೆ ಮಾಡಿದ್ದ ಒಬ್ಬ ಗುರುಗಳು ಮುಂದೆ ನಾಲ್ಕನೆಯ ಅರ್ಬನ್ ಎಂಬ ಹೆಸರಿನಲ್ಲಿ ಪೋಪ್ ಆಗಿ, 1264ರಲ್ಲಿ ಇದೇ ಉಂಬ್ರಿಯಾದ ಒರ್ವಿಯೆತೋ ನಗರದಲ್ಲಿದ್ದಾಗ ಇದನ್ನು ಇಡೀ ಕ್ಯಾಥೊಲಿಕ್ ಧರ್ಮಸಭೆಯ ಹಬ್ಬವೆಂದು ಸಾರಿದರು. ದಾರಿಗೆ ಹೂವಿನ ಚಿತ್ರ ಬಿಡಿಸುವ ಕಲೆ ಬಂದದ್ದು ಬಹಳ ನಂತರ. 1625ರ ಜೂನ್ 29ರಂದು, ಸಂತ ಪೇತ್ರ ಮತ್ತು ಪೌಲರ ಹಬ್ಬಕ್ಕೆ, ವ್ಯಾಟಿಕನ್‌ನಲ್ಲಿ ಹೂವಿನ ಅಲಂಕಾರದ ಹೊಣೆ ಹೊತ್ತಿದ್ದ ಬೆನೆದೆತ್ತೋ ದ್ರೇಯಿ ಎಸಳುಗಳಿಂದ ಚಿತ್ರ ರಚಿಸಿದರೆಂದು ದಾಖಲೆಯಿದೆ. ಅದು ರೋಮಿನ ಸುತ್ತಣ ಬೆಟ್ಟದೂರುಗಳಿಗೆ ಹಬ್ಬಿತು. ಅವುಗಳಲ್ಲೊಂದಾದ ಜೆನ್ಸಾನೋದಲ್ಲಿ 1778ರಿಂದ ಹೂಹಾಸಿನ ಪರಂಪರೆಯಿದೆ.

ಈಗ ಮತ್ತೆ ಸ್ಪೆಲ್ಲೋದ ರಾತ್ರಿಗೆ ಬನ್ನಿ. ಗುಂಪುಗಳು ತಮ್ಮ ಪಾಲಿನ ಬೀದಿಯನ್ನು ಗುಡಿಸಿ, ಗಾಳಿಗೆ ಎಸಳು ಹಾರದಂತೆ ಮೇಲೆ ಮರೆ ಕಟ್ಟಿ, ದೀಪ ತೂಗುಹಾಕಿ, ನೆಲದ ಮೇಲೆ ಗೆರೆಚಿತ್ರವನ್ನು ಹರಡಿಕೊಂಡಿದ್ದಾರೆ. ಬೆಳಗಿನ ಜಾವ ಎರಡು ಗಂಟೆಗೆ ನಾನು ಸುತ್ತಾಡಿದಾಗ ಕಂಡದ್ದು ಬಾಗಿದ ಬೆನ್ನುಗಳ ಸಾಲು. ರಂಗೋಲಿಯಲ್ಲಿ ಪುಡಿ ಬೆರಳ ಸಂದಿಯಿಂದ ಸರಾಗವಾಗಿ ಇಳಿಯುತ್ತದೆ; ಇಲ್ಲಿ ಎಸಳಿಗೆ ತನ್ನದೇ ಮಡಿಕೆಯಿದೆ, ತೂಕವಿಲ್ಲ, ಕೂರಿಸಿದಲ್ಲಿ ಕೂರುವುದಿಲ್ಲ. ಸಂತರೊಬ್ಬರ ಕೆನ್ನೆಯ ನೆರಳಿಗಾಗಿ ಒಬ್ಬ ಹುಡುಗಿ ಗುಲಾಬಿಯ ಒಣ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಿದ್ದಳು. ನಾನು ಅಲ್ಲಿ ನಿಂತ ಅರ್ಧ ಗಂಟೆಯಲ್ಲಿ ಆ ನೆರಳು ಅಂಗೈಯಷ್ಟೂ ಅಗಲವಾಗಲಿಲ್ಲ. ಈ ಊರಿನ ಸಾಂತಾ ಮಾರಿಯಾ ಮಜ್ಜೋರೆ ಚರ್ಚಿನಲ್ಲಿ ಚಿತ್ರಕಾರ ಪಿಂತುರಿಕ್ಕಿಯೋ 1501ರ ಹೊತ್ತಿಗೆ ಬರೆದ ಭಿತ್ತಿಚಿತ್ರಗಳು ಐದು ಶತಮಾನಗಳಿಂದ ಉಳಿದಿವೆ. ಅಲ್ಲಿಂದ ಹೊರಬಂದರೆ, ಮಧ್ಯಾಹ್ನದವರೆಗೂ ಉಳಿಯದ ಮುಖಕ್ಕೆ ಇಷ್ಟು ನಿಗಾ. ನಾನು ಎರಡನ್ನೂ ಒಂದೇ ಗೌರವದಿಂದ ನೋಡಿದೆ.

ಭಾನುವಾರ ಬೆಳಗಾದಾಗ ಮರೆಗಳನ್ನು ಬಿಚ್ಚಿದರು. ರಾತ್ರಿಯ ದೀಪದಲ್ಲಿ ಮಂಕಾಗಿದ್ದ ನೀಲಿ ಬಿಸಿಲಿಗೆ ಎದ್ದು ಕಂಡಿತು. ನೋಡಲು ಬಂದವರೆಲ್ಲ ಗೋಡೆಗೆ ಒತ್ತಿಕೊಂಡು, ಅಂಚಿನಲ್ಲೇ ಒಬ್ಬರ ಹಿಂದೊಬ್ಬರು ಸಾಗಿದರು. ಚರ್ಚಿನ ಬಲಿಪೂಜೆಯ (ಮಾಸ್) ನಂತರ ಮೆರವಣಿಗೆ ಹೊರಟಿತು. ಬಿಳಿ ಮೇಲ್ಕಟ್ಟಿನ ಕೆಳಗೆ, ಕಿರಣಗಳನ್ನು ಚಾಚಿದ ಬಂಗಾರದ ಪಾತ್ರೆಯಲ್ಲಿ ಪರಮಪ್ರಸಾದವನ್ನು ಎತ್ತಿ ಹಿಡಿದ ಧರ್ಮಾಧ್ಯಕ್ಷರು ಕೆಳಗೆ ನೋಡದೆ ನೇರವಾಗಿ ಹೂವಿನ ಮೇಲೆ ಕಾಲಿಟ್ಟರು. ರಾತ್ರಿಯಿಡೀ ಕಣ್ಣಿಗೆ ನಿದ್ದೆ ತಾಗಿಸದೆ ಆ ಚಿತ್ರ ಮಾಡಿದವರು ಅದರ ಎರಡೂ ಬದಿಯಲ್ಲಿ ನಿಂತಿದ್ದರು. ಪರಮಪ್ರಸಾದ ತಮ್ಮ ಮುಂದೆ ಬಂದಾಗ ಅವರು ಮೊಣಕಾಲೂರಿದರು. ಹೂವು ಹಾಳಾಯಿತೆಂಬ ಮರುಕವನ್ನು ನಾನು ಒಬ್ಬರ ಮುಖದಲ್ಲೂ ಕಾಣಲಿಲ್ಲ. ಹಾಗೆ ತುಳಿಸಿಕೊಳ್ಳುವುದಕ್ಕೆಂದೇ ಅದನ್ನು ಮಾಡಿದ್ದು. ಮೆರವಣಿಗೆ ಬಾರದೇ ಹೋಗಿದ್ದರೆ ಆ ಕೆಲಸ ಅವರಿಗೆ ಅರ್ಧಕ್ಕೆ ನಿಂತಂತೆ.

ಮೆರವಣಿಗೆ ತಿರುವು ದಾಟಿದ ಮೇಲೆ ನಾನು ಎಸಳು ಬಿಡಿಸಿಕೊಟ್ಟ ಗುಂಪಿನ ಚಿತ್ರದ ಬಳಿಗೆ ಬಂದೆ. ನಡುಭಾಗದಲ್ಲಿ ಹಳದಿ, ಕೆಂಪು, ನೀಲಿ ಒಂದರೊಳಗೊಂದು ಸೇರಿಹೋಗಿದ್ದವು, ಅಂಚಿನ ಹಸಿರು ಮಾತ್ರ ಗೆರೆ ತಪ್ಪದೆ ಉಳಿದಿತ್ತು, ಬೀದಿಯ ತುಂಬ ಜಜ್ಜಿದ ಸೋಂಪಿನ ವಾಸನೆ. ರಾತ್ರಿಯೆಲ್ಲ ಒಂದು ಬೆರಳೂ ಗೆರೆಯಾಚೆ ಹೋಗದಂತೆ ಎಲ್ಲರನ್ನೂ ಎಚ್ಚರಿಸುತ್ತಿದ್ದ ಗುಂಪಿನ ಹಿರಿಯ ಮಹಿಳೆ ಈಗ ಮೊಮ್ಮಗಳ ಕೈ ಹಿಡಿದು, ಅದರ ನಡುವೆಯೇ ನಿಧಾನವಾಗಿ ನಡೆದು ಮನೆಯ ಕಡೆಗೆ ಹೋದರು.