ಚೆನ್ನಾಗಿದ್ದೇನೆ ಅನ್ನುವುದು ಸಾಕ್ಷಿಯಲ್ಲ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು, ಇಲ್ಲವೇ ಅವರ ಮನೆಯವರು. ಸ್ಲೀವ್ ಎಂದರೆ ಜಠರವನ್ನು ಕತ್ತರಿಸಿ ಸಣ್ಣ ಕೊಳವೆಯಷ್ಟು ಉಳಿಸುವುದು, ಬೈಪಾಸ್ ಎಂದರೆ ಜಠರದ ಮೇಲ್ತುದಿಯ ಪುಟ್ಟ ಚೀಲಕ್ಕೆ ಕರುಳನ್ನು ಜೋಡಿಸಿ ಊಟದ ದಾರಿ ಬದಲಿಸುವುದು ಅಂತ ನಿಮಗೆ ಚಿತ್ರ ಬರೆದು ತೋರಿಸಬೇಕಿಲ್ಲ. ಮೊದಲ ವರ್ಷದ ಬಗ್ಗೆ ಹೇಳುವವರೂ ಬೇಕಾದಷ್ಟಿದ್ದಾರೆ. ನಾನು ಹೇಳಬೇಕಿರುವುದು ಮೂರನೆಯ ವರ್ಷದ ಬಗ್ಗೆ, ಏಳನೆಯ ವರ್ಷದ ಬಗ್ಗೆ, ಹದಿನೈದನೆಯ ವರ್ಷದ ಬಗ್ಗೆ. ತೂಕ ಇಳಿದಿದೆ, ಸಕ್ಕರೆ ಕಾಯಿಲೆಯ ಮಾತ್ರೆ ಕಡಿಮೆಯಾಗಿದೆ, ಮಂಡಿನೋವು ಮರೆತುಹೋಗಿದೆ. "ಚೆನ್ನಾಗಿದ್ದೇನಲ್ಲ, ಇನ್ನು ರಕ್ತ ಪರೀಕ್ಷೆ ಯಾಕೆ?" ಅನ್ನಿಸುವ ಹೊತ್ತು ಅದು. ನನ್ನ ಮಾತು ಅಲ್ಲಿಂದ ಶುರು.

ಆಪರೇಷನ್ ಮಾಡಿಸಿಕೊಳ್ಳಬಾರದಿತ್ತು ಅನ್ನುವ ವಾದ ನನ್ನದಲ್ಲ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನ ನಿಮಗೆ ಗೊತ್ತಿದೆ. ಶಸ್ತ್ರಚಿಕಿತ್ಸೆ ಆದವರು 2010 ಮಂದಿ, ಮಾಮೂಲಿ ಚಿಕಿತ್ಸೆಯಲ್ಲಿ ಉಳಿದವರು 2037 ಮಂದಿ. ಶಸ್ತ್ರಚಿಕಿತ್ಸೆ ಆದವರಲ್ಲಿ ಸಾವು ಕಡಿಮೆ ಎಂದು 2007ರಲ್ಲಿ ಪ್ರಕಟವಾಯಿತು. ಅದೇ ವರದಿಯ ಇನ್ನೊಂದು ಅಂಕಿಯನ್ನೂ ನೆನಪಿಡಿ. ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32ರಷ್ಟು ತೂಕ ಇಳಿದರು, ಹತ್ತನೆಯ ವರ್ಷಕ್ಕೆ ಆ ಇಳಿಕೆ ಶೇ. 25ಕ್ಕೆ ಬಂದು ನಿಂತಿತು. ಸ್ವಲ್ಪ ತೂಕ ಮರಳುವುದು ದೇಹದ ಸ್ವಭಾವ. ತೂಕ ಮರಳಿತು ಎಂಬ ನಾಚಿಕೆಗೆ ಡಾಕ್ಟರ ಹತ್ತಿರ ಹೋಗುವುದನ್ನೇ ಬಿಟ್ಟವರು ಎಷ್ಟು ಜನ! ತಕ್ಕಡಿಯ ಮೇಲಿನ ನಾಲ್ಕು ಕಿಲೋ ಯಾರನ್ನೂ ಕೊಲ್ಲುವುದಿಲ್ಲ. ಅದರ ನೆಪದಲ್ಲಿ ತಪ್ಪಿಹೋದ ಪರೀಕ್ಷೆ ನರಕ್ಕೆ, ಮೂಳೆಗೆ ಕುತ್ತು ತರಬಲ್ಲದು.

ಯಾಕೆ ಅಂದರೆ, ದೇಹದಲ್ಲಿ ಒಂದು ಕಣಜವಿದೆ. ಒಂದೊಂದು ಪೋಷಕಾಂಶಕ್ಕೆ ಒಂದೊಂದು ಗಾತ್ರದ ಕಣಜ. ಥಯಾಮಿನ್, ಅಂದರೆ ಬಿ1, ಎರಡು ಮೂರು ವಾರಕ್ಕಾಗುವಷ್ಟು ಮಾತ್ರ. ಬಿ12 ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಕಾಗುವಷ್ಟಿರುತ್ತದೆ. ಕ್ಯಾಲ್ಸಿಯಂಗಂತೂ ಇಡೀ ಅಸ್ಥಿಪಂಜರವೇ ಕಣಜ. ಒಳಗೆ ಬರುವುದು ನಿಂತರೂ ಇದ್ದದ್ದನ್ನು ತೆಗೆದು ದೇಹ ಸಂಸಾರ ನಡೆಸುತ್ತದೆ. ಹಾಗೆ ನಡೆಸುವಷ್ಟು ದಿನ ನಿಮಗೆ ಏನೂ ತಿಳಿಯುವುದಿಲ್ಲ. ತಿಳಿಯುವ ದಿನ ಕಣಜದ ತಳ ಕಂಡಿರುತ್ತದೆ. ಚೆನ್ನಾಗಿದ್ದೇನೆ ಅನ್ನುವುದು ಸಾಕ್ಷಿಯಲ್ಲ ಎಂದು ನಾನು ಹೋದಲ್ಲೆಲ್ಲ ಹೇಳುವುದು ಇದಕ್ಕೇ. ಇವತ್ತೂ ನಾಲ್ಕಾರು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ಅತಿ ಚಿಕ್ಕ ಕಣಜದಿಂದಲೇ ಆರಂಭಿಸೋಣ. ಇದಕ್ಕೊಂದು ಹಳೆಯ ಕಥೆಯಿದೆ, ಸ್ವಲ್ಪ ಉದ್ದ. 1881ರಲ್ಲಿ ಕಾರ್ಲ್ ವೆರ್ನಿಕೆ ಎಂಬ ಜರ್ಮನ್ ವೈದ್ಯ ಮೂವರು ರೋಗಿಗಳ ವಿವರ ಬರೆದ. ಮೂವರಿಗೂ ಒಂದೇ ತರಹದ ತೊಂದರೆ: ಕಣ್ಣುಗುಡ್ಡೆ ಸರಿಯಾಗಿ ಹೊರಳುತ್ತಿಲ್ಲ, ನಡೆದರೆ ತೂರಾಟ, ಮಾತಿನಲ್ಲಿ ಗೊಂದಲ. ಮೂವರೂ ತೀರಿಕೊಂಡರು. ಮಿದುಳನ್ನು ತೆರೆದು ನೋಡಿದಾಗ ನಡುಭಾಗದಲ್ಲಿ ಸೂಜಿಮೊನೆಯಷ್ಟು ಸಣ್ಣ ರಕ್ತಸ್ರಾವಗಳು ಕಂಡವು. ಇಬ್ಬರು ಗಂಡಸರು, ವಿಪರೀತ ಕುಡಿತದವರು. ಹಾಗಾಗಿ ಇದು ಕುಡುಕರ ಕಾಯಿಲೆ ಎಂದೇ ಲೋಕ ನೆನಪಿಟ್ಟುಕೊಂಡಿತು. ಮೂರನೆಯವಳನ್ನು ಮರೆಯಿತು. ಅವಳು ಬಟ್ಟೆ ಹೊಲಿದು ಬದುಕುತ್ತಿದ್ದ ಇಪ್ಪತ್ತು ವರ್ಷದ ಹುಡುಗಿ. ಗಂಧಕಾಮ್ಲ ಕುಡಿದಿದ್ದಳು. ಜೀವ ಉಳಿಯಿತು, ಆದರೆ ಸುಟ್ಟ ಜಠರದ ಕೆಳಬಾಯಿ ಗಾಯ ಮಾಯುವಾಗ ಬಿಗಿದುಕೊಂಡಿತು. ತಿಂದದ್ದು ಮುಂದೆ ಹೋಗದೆ ವಾಂತಿ, ಮತ್ತೆ ವಾಂತಿ. ಕೆಲವು ವಾರಗಳಲ್ಲಿ ಕಣ್ಣು ಮಂಜಾಯಿತು, ಕಾಲು ನಿಲ್ಲದಾಯಿತು.

ವೆರ್ನಿಕೆಗೆ ಕಾರಣ ಗೊತ್ತಾಗುವ ಹಾಗಿರಲಿಲ್ಲ. ವಿಟಮಿನ್ ಎಂಬ ಮಾತು ಹುಟ್ಟಿದ್ದೇ 1912ರಲ್ಲಿ. ಥಯಾಮಿನ್ ಹರಳಾಗಿ ಕೈಗೆ ಸಿಕ್ಕಿದ್ದು 1926ರಲ್ಲಿ. ನಮಗೆ ಈಗ ಗೊತ್ತು. ಕುಡಿತಕ್ಕೂ ಆ ಹುಡುಗಿಗೂ ಸಂಬಂಧವೇ ಇರಲಿಲ್ಲ, ಅವಳಿಗೆ ಇಲ್ಲದೆಹೋದದ್ದು ಬಿ1. ಕಿರಿದಾದ ಜಠರ, ನಿಲ್ಲದ ವಾಂತಿ, ಒಳಗೆ ಏನೂ ಉಳಿಯದ ಸ್ಥಿತಿ: ಇದು ನಮ್ಮ ಆಪರೇಷನ್ ಆದವರ ಕಥೆಯೇ ಅಲ್ಲವೇ? ಜೋಡಣೆ ಮಾಡಿದ ಜಾಗ ಬಿಗಿದುಕೊಂಡಾಗ, ಹುಣ್ಣಾದಾಗ, ಗರ್ಭಿಣಿಗೆ ವಾಂತಿ ಹತ್ತಿದಾಗ, ಹತ್ತು ವರ್ಷದ ಮೇಲೆ ಯಾವುದೋ ಜ್ವರದಲ್ಲಿ ಊಟ ಬಿಟ್ಟಾಗ, ಯಾವಾಗ ಬೇಕಾದರೂ ಆಗಬಹುದು.

ಇಲ್ಲಿ ಒಂದು ಅಪಾಯವನ್ನು ಬಿಡಿಸಿ ಹೇಳಲೇಬೇಕು. ವಾಂತಿಯಿಂದ ಸೋತುಹೋದವರನ್ನು ಎಮರ್ಜೆನ್ಸಿಗೆ ಕರೆದೊಯ್ದರೆ ಡ್ರಿಪ್ ಏರಿಸುತ್ತಾರೆ. ಅದು ಗ್ಲೂಕೋಸಿನ ಬಾಟಲಿಯಾಗಿದ್ದರೆ, ಗ್ಲೂಕೋಸನ್ನು ಉರಿಸಲು ದೇಹಕ್ಕೆ ಥಯಾಮಿನ್ ಬೇಕು. ಉಳಿದಿದ್ದ ಚೂರುಪಾರೂ ಅದಕ್ಕೆ ಖರ್ಚಾಗಿ, ಬೆಳಿಗ್ಗೆ ಮಾತಾಡಿಕೊಂಡು ಬಂದವರು ಸಂಜೆಗೆ ಗುರುತು ಹಿಡಿಯದ ಹಾಗಾಗಬಹುದು. ಆದ್ದರಿಂದ ಗ್ಲೂಕೋಸಿಗೆ ಮೊದಲು, ಇಲ್ಲವೇ ಅದರ ಜೊತೆಗೇ ಥಯಾಮಿನ್ ಹೋಗಬೇಕು. ಅದೂ ಇಂಜೆಕ್ಷನ್ನಿನಲ್ಲಿ, ವಾಂತಿ ಮಾಡುವವರಿಗೆ ಮಾತ್ರೆ ಕೊಟ್ಟು ಏನು ಫಲ? ರಕ್ತದ ವರದಿಗಾಗಿ ಕಾಯುವ ವಿಷಯವೂ ಇದಲ್ಲ. ಮನೆಯವರೇ, ಈ ಮಾತನ್ನು ಬಾಯಿಪಾಠ ಮಾಡಿಕೊಳ್ಳಿ. ಆ ಹೊತ್ತಿನಲ್ಲಿ ರೋಗಿಗೆ ಹೇಳುವ ಶಕ್ತಿ ಇರುವುದಿಲ್ಲ, ನೀವೇ ಹೇಳಬೇಕು: "ಇವರಿಗೆ ತೂಕದ ಆಪರೇಷನ್ ಆಗಿದೆ, ಇಷ್ಟು ದಿನದಿಂದ ವಾಂತಿ, ಥಯಾಮಿನ್ ಕೊಟ್ಟಿದ್ದೀರಾ?" ಕೇಳಲು ಸಂಕೋಚ ಬೇಡ. ಮಾಮೂಲಿ ದಿನಗಳಲ್ಲಿ ದಿನಕ್ಕೆ 12 ಮಿಲಿಗ್ರಾಂ ಕನಿಷ್ಠ, 50 ಇದ್ದರೆ ಒಳ್ಳೆಯದು.

ಇನ್ನು ಬಿ12. ಆಹಾರದಿಂದ ಇದನ್ನು ಬಿಡಿಸಲು ಜಠರದ ಆಮ್ಲ ಬೇಕು, ಕರುಳಿನ ಕೊನೆಯ ಭಾಗದಲ್ಲಿ ಒಳಗೆ ಸೇರಿಸಲು ಜಠರದಲ್ಲೇ ಹುಟ್ಟುವ ಒಂದು ಪ್ರೋಟೀನ್ ಬೇಕು. ಬೈಪಾಸಿನಲ್ಲಿ ಆ ಜಠರ ದಾರಿಯಿಂದಲೇ ಆಚೆ ಇದೆ, ಸ್ಲೀವಿನಲ್ಲಿ ಮುಕ್ಕಾಲು ಪಾಲು ಹೊರಗೇ ಹೋಗಿದೆ. ಹಾಗಾದರೆ ಮಾತ್ರೆ ನುಂಗಿ ಪ್ರಯೋಜನವೇನು ಎಂದು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಯಾರ ಸಹಾಯವೂ ಇಲ್ಲದೆ ಕರುಳಿನ ಗೋಡೆ ದಾಟುವುದು ನುಂಗಿದ್ದರಲ್ಲಿ ಸುಮಾರು ಶೇ. 1. ಸಾವಿರ ಮೈಕ್ರೋಗ್ರಾಂ ನುಂಗಿದರೆ ಹತ್ತು ಮೈಕ್ರೋಗ್ರಾಂ ಒಳಗೆ ಬಂತು, ದಿನದ ಅಗತ್ಯಕ್ಕೆ ಅದು ಧಾರಾಳ. ದೊಡ್ಡ ಡೋಸ್ ಕೊಡುವುದು ಈ ಲೆಕ್ಕಕ್ಕೆ. ಇಲ್ಲವಾದರೆ ತಿಂಗಳಿಗೊಂದು 1000 ಮೈಕ್ರೋಗ್ರಾಂ ಇಂಜೆಕ್ಷನ್. ಫೋಲಿಕ್ ಆಮ್ಲವನ್ನು ಮಾತ್ರ ತೆಗೆದುಕೊಂಡು ಬಿ12 ಬಿಟ್ಟವರ ಹಿಮೋಗ್ಲೋಬಿನ್ ಚೆನ್ನಾಗಿಯೇ ಕಾಣುತ್ತದೆ, ನರ ಮಾತ್ರ ಒಳಗೊಳಗೇ ಕೆಡುತ್ತಿರುತ್ತದೆ. ಪಾದ ಜೋಮು ಹಿಡಿಯುವವರೆಗೆ ಕಾಯಬೇಡಿ.

ಕಬ್ಬಿಣದ್ದು ನಿತ್ಯದ ರಗಳೆ. ಅದನ್ನು ಹೀರುವ ಮುಖ್ಯ ಜಾಗ ಸಣ್ಣ ಕರುಳಿನ ಮೊದಲ ಗೇಣು. ಬೈಪಾಸಿನಲ್ಲಿ ಊಟ ಆ ದಾರಿಯಲ್ಲಿ ಹೋಗುವುದೇ ಇಲ್ಲ. ಮುಟ್ಟಾಗುವ ಹೆಂಗಸರಿಗೆ ಮತ್ತು ಸ್ಲೀವ್, ಬೈಪಾಸ್ ಆದವರಿಗೆ ದಿನಕ್ಕೆ 45ರಿಂದ 60 ಮಿಲಿಗ್ರಾಂ ಬೇಕು. ಇದು ಕಬ್ಬಿಣದ್ದೇ ತೂಕ, ಲವಣದ್ದಲ್ಲ. ಫೆರಸ್ ಫ್ಯುಮರೇಟ್ ಎಂದು ಬರೆದಿದ್ದರೆ ಅದರಲ್ಲಿ ಮೂರನೇ ಒಂದು ಭಾಗ ಮಾತ್ರ ಕಬ್ಬಿಣ. ಕ್ಯಾಲ್ಸಿಯಂ ಸಿಟ್ರೇಟಿನಲ್ಲಿ ಕ್ಯಾಲ್ಸಿಯಂ ಇರುವುದು ಐದನೇ ಒಂದು ಭಾಗ. 1000 ಎಂದು ದಪ್ಪಕ್ಷರದಲ್ಲಿ ಬರೆದ ಮಾತ್ರೆಯಲ್ಲಿ ನಿಮಗೆ ದಕ್ಕುವುದು 210. ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ, ಕನ್ನಡಕ ಹಾಕಿಕೊಂಡಾದರೂ ಓದಿ! ಹಿಮೋಗ್ಲೋಬಿನ್ ಒಂದನ್ನೇ ನೋಡಿ ಸಮಾಧಾನ ಪಡಬೇಡಿ. ಫೆರಿಟಿನ್ ನೋಡಿ. ಕಣಜದ ಅಳತೆ ಅದು, ಮೊದಲು ಕುಸಿಯುವುದು ಅದೇ. ಮಾತ್ರೆಗೆ ಏರದಿದ್ದರೆ ರಕ್ತನಾಳದ ಮೂಲಕ ಕೊಡುವ ಕಬ್ಬಿಣವಿದೆ, ಕೇಳಿ ಪಡೆಯಿರಿ.

ಕ್ಯಾಲ್ಸಿಯಂ ವಿಷಯದಲ್ಲಿ ಎಲ್ಲರೂ ಮೋಸಹೋಗುತ್ತಾರೆ. ವರದಿಯಲ್ಲಿ "ಕ್ಯಾಲ್ಸಿಯಂ ನಾರ್ಮಲ್" ಎಂದಿರುತ್ತದೆ. ಇರಲೇಬೇಕು, ಹೃದಯ ಬಡಿಯುವುದೇ ಅದರ ಮೇಲೆ. ಕರುಳಿಂದ ಬರದಿದ್ದರೆ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯಿಂದ ಕಿತ್ತು ತಂದು ರಕ್ತದ ಲೆಕ್ಕ ಸರಿಮಾಡುತ್ತದೆ. ಮನೆಯ ಜಂತಿ ಕಿತ್ತು ಒಲೆಗೆ ಹಾಕಿದ ಹಾಗೆ. ಅಡುಗೆ ಹೊತ್ತಿಗೆ ಸರಿಯಾಗಿ ಆಗುತ್ತದೆ, ಸೂರು ಮಾತ್ರ ಜಗ್ಗುತ್ತಿರುತ್ತದೆ. ಆದ್ದರಿಂದ ಕ್ಯಾಲ್ಸಿಯಂ ಜೊತೆಗೆ ಪ್ಯಾರಾಥೈರಾಯ್ಡ್ ಹಾರ್ಮೋನು ಮತ್ತು ವಿಟಮಿನ್ ಡಿ, ಮೂರನ್ನೂ ಒಟ್ಟಿಗೆ ನೋಡಬೇಕು. ದಿನಕ್ಕೆ 1200ರಿಂದ 1500 ಮಿಲಿಗ್ರಾಂ, ಒಂದು ಸಲಕ್ಕೆ 500-600 ಮೀರದಂತೆ. ಕಾರ್ಬೊನೇಟಿಗೆ ಆಮ್ಲ ಬೇಕು, ಸಿಟ್ರೇಟಿಗೆ ಬೇಡ. ನಿಮಗೆ ಸಿಟ್ರೇಟೇ ವಾಸಿ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ನಡುವೆ ಎರಡು ಗಂಟೆ. ಥೈರಾಯ್ಡ್ ಮಾತ್ರೆ ಇದ್ದರೆ ಅದಕ್ಕೂ ಇವೆರಡಕ್ಕೂ ನಡುವೆ ನಾಲ್ಕು ಗಂಟೆ. ಹೌದು, ದಿನವೇ ಸಾಲುವುದಿಲ್ಲ ಅನ್ನಿಸುತ್ತದೆ. ಕಬ್ಬಿಣವನ್ನು ಮಲಗುವ ಹೊತ್ತಿಗೆ ಇಟ್ಟುಕೊಂಡರೆ ಉಳಿದದ್ದು ಹೇಗೋ ಹೊಂದುತ್ತದೆ.

ತಾಮ್ರದ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ. ಆಪರೇಷನ್ ಆದ ಮೂರರಿಂದ ಆರು ತಿಂಗಳಲ್ಲಿ ಕೂದಲು ಉದುರುತ್ತದೆ. ತೂಕ ಸರಸರನೆ ಇಳಿದದ್ದರ ಫಲ ಅದು, ತಾನಾಗಿ ಮತ್ತೆ ಬರುತ್ತದೆ. ಅದಕ್ಕೆ ಹೆದರಿ ಸತುವಿನ ಮಾತ್ರೆ, ಅಂದರೆ ಜಿಂಕ್, ವರ್ಷಗಟ್ಟಲೆ ನುಂಗುವವರಿದ್ದಾರೆ. ಸತು ಹೆಚ್ಚಾದರೆ ಕರುಳಿನ ಗೋಡೆಯ ಜೀವಕೋಶ ತಾಮ್ರವನ್ನು ಹಿಡಿದಿಟ್ಟುಕೊಂಡು, ತಾನು ಉದುರುವಾಗ ಅದನ್ನೂ ಹೊರಗೆ ಒಯ್ಯುತ್ತದೆ. ಆಮೇಲೆ ನಡಿಗೆ ತಪ್ಪುತ್ತದೆ, ಕಾಲು ಸೆಟೆಯುತ್ತದೆ. ನೋಡಲು ಥೇಟ್ ಬಿ12 ಕೊರತೆ. ಬಿ12 ಕೊಟ್ಟೂ ಕೊಟ್ಟೂ ಗುಣ ಕಾಣದಿದ್ದರೆ ತಾಮ್ರ ನೋಡಿಸಿ. 8ರಿಂದ 15 ಮಿಲಿಗ್ರಾಂ ಸತುವಿಗೆ 1 ಮಿಲಿಗ್ರಾಂ ತಾಮ್ರ ಜೊತೆಗಿರಬೇಕು. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ನುಂಗುವವರು ರಕ್ತ ಪರೀಕ್ಷೆಗೆ ಮುಂಚೆ ಅದನ್ನು ಹೇಳಬೇಕು. ಥೈರಾಯ್ಡ್ ಪರೀಕ್ಷೆಯ ಅಂಕಿಯನ್ನೇ ಅದು ತಿರುಚುತ್ತದೆ. ವರ್ಷ ಕಳೆದ ಮೇಲೆ ಕೂದಲು ಉದುರಿದರೆ ಮಾತ್ರ ಅದು ಬೇರೆ ಮಾತು, ಕಬ್ಬಿಣ, ಪ್ರೋಟೀನ್ ಎರಡನ್ನೂ ವಿಚಾರಿಸಬೇಕು. ಪ್ರೋಟೀನ್ ದಿನಕ್ಕೆ 60ರಿಂದ 80 ಗ್ರಾಂ. ತಟ್ಟೆಯಲ್ಲಿ ಮೊದಲ ತುತ್ತು ಅದರದ್ದೇ ಆಗಲಿ, ಹೊಟ್ಟೆ ತುಂಬಿದ ಮೇಲೆ ಅದಕ್ಕೆ ಜಾಗವಿರುವುದಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಹತ್ತೇ ನಿಮಿಷವಂತೆ. ಹೊಟ್ಟೆಯ ವಿಷಯ ಪೂರ್ತಿ ಉಳಿದಿದೆ. ಬೇಗ ಹೇಳುತ್ತೇನೆ.

ಸಿಹಿ ತಿಂದ ಅರ್ಧ ಗಂಟೆಯೊಳಗೆ ಬೆವರು, ಎದೆ ಡವಡವ, ಹೊಟ್ಟೆ ಹಿಂಡುವುದು, ಇದು ಡಂಪಿಂಗ್. ನಿಮಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ಊಟವಾದ ಒಂದರಿಂದ ಮೂರು ಗಂಟೆಯ ಮೇಲೆ ಬರುವುದು, ಅದೂ ಸಾಮಾನ್ಯವಾಗಿ ಆಪರೇಷನ್ ಆಗಿ ವರ್ಷ ಕಳೆದ ಮೇಲೆ. ಊಟ ಜರ್ರನೆ ಕರುಳಿಗೆ ಇಳಿದು ಸಕ್ಕರೆ ಏರುತ್ತದೆ, ಇನ್ಸುಲಿನ್ ಅಗತ್ಯಕ್ಕಿಂತ ಹೆಚ್ಚು ಸುರಿಯುತ್ತದೆ, ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಕೈ ನಡುಕ, ಕಣ್ಣು ಕತ್ತಲೆ, ಕೆಲವೊಮ್ಮೆ ಪ್ರಜ್ಞೆಯೇ ತಪ್ಪುತ್ತದೆ. ಗಾಡಿ ಓಡಿಸುವವರು ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಗಳಿಗೆಗೆ 15 ಗ್ರಾಂ ಗ್ಲೂಕೋಸ್, ಚೇತರಿಸಿಕೊಂಡ ಮೇಲೆ ಒಂದಿಷ್ಟು ಪ್ರೋಟೀನ್. ಬರೀ ಸಿಹಿ ತಿಂದು ಸುಮ್ಮನಾದರೆ ಅದೇ ಸುತ್ತು ಮತ್ತೆ ತಿರುಗುತ್ತದೆ. ಕರುಳಿನಲ್ಲಿ ಸಕ್ಕರೆ ಜೀರ್ಣವಾಗುವುದನ್ನು ನಿಧಾನ ಮಾಡುವ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸೇ ಜೇಬಿನಲ್ಲಿರಬೇಕು.

ಹೊಟ್ಟೆನೋವು. ಬೈಪಾಸ್ ಆದವರಲ್ಲಿ ಕರುಳನ್ನು ಜೋಡಿಸಿದ ಕಡೆ ಪೊರೆಯ ನಡುವೆ ಕಿಂಡಿಗಳಿರುತ್ತವೆ. ಹೊಲಿದಿದ್ದರೂ ಕೊಬ್ಬು ಕರಗಿದಂತೆ ಅವು ಸಡಿಲವಾಗುತ್ತವೆ, ಕರುಳಿನ ಸುರುಳಿ ಅದರೊಳಗೆ ನುಸುಳುತ್ತದೆ. ಊಟದ ನಂತರ ತಿರುಚುವ ನೋವು ಬರುತ್ತದೆ, ಹೋಗುತ್ತದೆ. ನೋವಿಲ್ಲದಾಗ ತೆಗೆದ ಸ್ಕ್ಯಾನ್ ಸರಿಯಾಗಿಯೇ ಕಾಣಬಹುದು. ಅಲ್ಲಿಗೆ ಬಿಡಬೇಡಿ, ಈ ಆಪರೇಷನ್ ಬಲ್ಲ ಸರ್ಜನ್ ಹತ್ತಿರವೇ ಹೋಗಿ. ಬಸುರಿಯಲ್ಲಿ ಕಾಣಿಸಿಕೊಂಡರೆ ಗ್ಯಾಸ್ ಎಂದು ಒಂದು ರಾತ್ರಿಯೂ ತಳ್ಳಬಾರದು, ಸಿಕ್ಕಿಕೊಂಡ ಕರುಳಿಗೆ ರಕ್ತ ನಿಂತರೆ ಉಳಿಯುವುದು ಗಂಟೆಗಳ ಲೆಕ್ಕ.

ಐಬುಪ್ರೊಫೆನ್, ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆ ಬೈಪಾಸ್ ಆದವರಿಗೆ ಬೇಡ, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಪ್ಯಾರಾಸಿಟಮಾಲ್ ಆಗಬಹುದು. ಬೀಡಿ ಸಿಗರೇಟು ಸೇದಿದರೆ ಆ ಹುಣ್ಣು ಮಾಯುವುದೇ ಇಲ್ಲ. ಸ್ಲೀವ್ ಆದವರಿಗೆ ಎದೆಯುರಿ ಹೆಚ್ಚು. ಉರಿ ಇಲ್ಲದಿದ್ದರೂ ಕೆಲವು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಮಾಡಿಸಿ. ಮತ್ತೆ ಅದೇ ಮಾತು, ಚೆನ್ನಾಗಿದ್ದೇನೆ ಅನ್ನುವುದು ಸಾಕ್ಷಿಯಲ್ಲ. ಮದ್ಯ ಬೇಗ ಏರುತ್ತದೆ, ಹೆಚ್ಚು ಏರುತ್ತದೆ. ಮೊದಲು ಚಟವೇ ಇಲ್ಲದವರು ಎರಡನೆಯ ವರ್ಷದ ಹೊತ್ತಿಗೆ ಅದಕ್ಕೆ ಸಿಕ್ಕಿಕೊಂಡದ್ದಿದೆ. ಮನಸ್ಸು ಕುಸಿದರೂ ಅದನ್ನು ಆಪರೇಷನ್ನಿನ ಲೆಕ್ಕಕ್ಕೆ ಸೇರಿಸಿಯೇ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ.

ಮಕ್ಕಳು ಬೇಕೆನ್ನುವವರು 12ರಿಂದ 18 ತಿಂಗಳು ತಡೆಯಿರಿ. ಬೈಪಾಸ್ ಆದ ಮೇಲೆ ಗರ್ಭನಿರೋಧಕ ಮಾತ್ರೆಯನ್ನು ನಂಬುವ ಹಾಗಿಲ್ಲ. ಬಸುರಿಯಲ್ಲಿ ಗ್ಲೂಕೋಸ್ ನೀರು ಕುಡಿಸಿ ಮಾಡುವ ಪರೀಕ್ಷೆ ಬೇಡವೆನ್ನಿ, ಅದೇ ಡಂಪಿಂಗ್ ತರಿಸುತ್ತದೆ. ಮನೆಯಲ್ಲಿ ಒಂದು ವಾರ ಬೆರಳು ಚುಚ್ಚಿ ನೋಡಿದರೆ ಆಯಿತು.

ಗಂಟೆ ಬಾರಿಸಿದರು. ಒಂದು ಕೊನೆಯ ಕೆಲಸ, ಇವತ್ತು ರಾತ್ರಿಯೇ ಮಾಡಿ. ಅಂಗೈಯಗಲದ ಒಂದು ಕಾರ್ಡ್ ತೆಗೆದುಕೊಳ್ಳಿ. ಯಾವ ಆಪರೇಷನ್, ಯಾವ ವರ್ಷ, ಬೈಪಾಸಾದರೆ ಕರುಳನ್ನು ಎಷ್ಟು ಸೆಂಟಿಮೀಟರಿಗೆ ಜೋಡಿಸಿದ್ದಾರೆ, ಡಿಸ್ಚಾರ್ಜ್ ಪತ್ರ ನೋಡಿ ಬರೆಯಿರಿ. ಸರ್ಜನ್ ಫೋನ್ ನಂಬರ್. ಐಬುಪ್ರೊಫೆನ್ ತರಹದ ನೋವಿನ ಮಾತ್ರೆ ಬೇಡ ಎಂದು ಒಂದು ಸಾಲು. ಅದರ ಕೆಳಗೆ ಕೆಂಪು ಶಾಯಿಯಲ್ಲಿ: ವಾಂತಿ ಇದ್ದರೆ, ಗ್ಲೂಕೋಸಿಗೆ ಮೊದಲು ಥಯಾಮಿನ್.