ಎರಡು ಬಾರಿ ‘ಹೊಸ ಕಲಾವಿದ’ರಾದ ಡೇರಿಯಸ್ ರಕರ್

ನಮಸ್ಕಾರ. 2 ಕೋಟಿಗೂ ಹೆಚ್ಚು ಪ್ರತಿಗಳ ಮಾರಾಟದ ಪ್ರಮಾಣಪತ್ರ ಪಡೆದ ರಾಕ್ ಆಲ್ಬಮ್ಮಿಗೆ ದನಿ ಕೊಟ್ಟ ಗಾಯಕರೊಬ್ಬರು, ವಯಸ್ಸು ನಲವತ್ತು ದಾಟಿದ ಮೇಲೆ, ಒಂದೊಂದೇ ರೇಡಿಯೊ ಕೇಂದ್ರಕ್ಕೆ ಹೋಗಿ ತಮ್ಮ ಹಾಡನ್ನು ಪ್ರಸಾರ ಮಾಡಿರೆಂದು ಕೇಳಬೇಕಾಗಿ ಬಂದದ್ದೇಕೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ಅವರ ಹೆಸರು ಡೇರಿಯಸ್ ರಕರ್. ಊರು ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಚಾರ್ಲ್‌ಸ್ಟನ್. 1986ರಲ್ಲಿ ವಿಶ್ವವಿದ್ಯಾಲಯದ ಗೆಳೆಯರೊಂದಿಗೆ ಕಟ್ಟಿದ ‘ಹೂಟಿ ಅಂಡ್ ದ ಬ್ಲೋಫಿಶ್’ ತಂಡ 1994ರ ಮೊದಲ ದೊಡ್ಡ ಆಲ್ಬಮ್ಮಿನಿಂದ ಮನೆಮಾತಾಯಿತು, 1996ರಲ್ಲಿ ಅತ್ಯುತ್ತಮ ಹೊಸ ಕಲಾವಿದ ಗ್ರ್ಯಾಮಿಯನ್ನೂ ಪಡೆಯಿತು. 2008ರಲ್ಲಿ ರಕರ್ ರಾಕ್ ಬಿಟ್ಟು, ಅಮೆರಿಕದ ಹಳ್ಳಿಗಾಡಿನ ಜನಪದದಿಂದ ಬೆಳೆದ ‘ಕಂಟ್ರಿ’ ಸಂಗೀತದ ಕಡೆಗೆ ಹೊರಳಿ, ಅದರ ಕೇಂದ್ರವಾದ ನ್ಯಾಶ್‌ವಿಲ್ ನಗರದ ಕ್ಯಾಪಿಟಲ್ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ಸೇರಿದರು. ಕಂಟ್ರಿ ಹಾಡು ನಿಲ್ಲುವುದೂ ಬೀಳುವುದೂ ರೇಡಿಯೊದಲ್ಲಿಯೇ ಆದ್ದರಿಂದ, ಹಳೆಯ ಖ್ಯಾತಿಯನ್ನು ನೆಚ್ಚಿಕೊಳ್ಳದೆ ಅವರು ಕೇಂದ್ರದಿಂದ ಕೇಂದ್ರಕ್ಕೆ ಅಲೆದರು.

ಈಗ ಪರದೆಯ ಮೇಲಿರುವ ಎರಡು ಇಸವಿಗಳನ್ನು ನೋಡಿ: 1983 ಮತ್ತು 2008. ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯ ಮೊದಲ ಸ್ಥಾನಕ್ಕೆ 1983ರಲ್ಲಿ ಚಾರ್ಲಿ ಪ್ರೈಡ್ ಏರಿದ ನಂತರ, ಕಪ್ಪು ಜನಾಂಗದ ಮತ್ತೊಬ್ಬ ಗಾಯಕರು ಯುಗಳಗೀತೆಯಲ್ಲದೆ ಒಬ್ಬರೇ ಹಾಡಿ ಅಲ್ಲಿಗೆ ತಲುಪಿದ್ದು 25 ವರ್ಷಗಳ ಬಳಿಕ, ಅವರೇ ರಕರ್. ಅವರ ತುಂಬುಗಂಠ ಬದಲಾಗಿರಲಿಲ್ಲ, ಅದರ ಸುತ್ತ ಕಂಟ್ರಿ ಸಂಗೀತದ ವಾದ್ಯಗಳಾದ ಪಿಟೀಲು ಮತ್ತು ಪೆಡಲ್ ಸ್ಟೀಲ್ ಗಿಟಾರ್ ಬಂದು ಕುಳಿತಿದ್ದವು. ಹಾಗಾಗಿ ಅವರು ದಾಟಿದ್ದು ಸಂಗೀತದ ಗಡಿಗಿಂತ ಹೆಚ್ಚಾಗಿ ಮಾರುಕಟ್ಟೆ ಎಳೆದ ಗಡಿಯನ್ನು ಎಂದು ನನಗೆ ಅನ್ನಿಸುತ್ತದೆ.

ನನಗೆ ಅತ್ಯಂತ ಪ್ರಿಯವಾದ ಸಂಗತಿ ‘ವ್ಯಾಗನ್ ವೀಲ್’ ಹಾಡಿನದು. 1973ರಲ್ಲಿ ಬಾಬ್ ಡಿಲನ್ ಒಂದು ಚಲನಚಿತ್ರದ ಧ್ವನಿಮುದ್ರಣದ ವೇಳೆ ಪಲ್ಲವಿಯನ್ನಷ್ಟೇ ಗುನುಗಿ, ಹಾಡನ್ನು ಅರ್ಧಕ್ಕೇ ಬಿಟ್ಟಿದ್ದರು. ಅನಧಿಕೃತ ಧ್ವನಿಮುದ್ರಿಕೆಯೊಂದರಲ್ಲಿ ಆ ತುಣುಕನ್ನು ಕೇಳಿದ ಕೆಚ್ ಸೀಕರ್ ಎಂಬ ಹದಿಹರೆಯದ ಹುಡುಗ, ಅವಧಾನದಲ್ಲಿ ಪೃಚ್ಛಕರು ಕೊಟ್ಟ ಒಂದೇ ಸಾಲನ್ನು ಕವಿ ಪೂರ್ಣ ಪದ್ಯವಾಗಿಸುವಂತೆ, ದಕ್ಷಿಣದ ಮನೆಯತ್ತ ಹೊರಟ ಪಯಣಿಗನ ಕಥೆಯನ್ನು ಚರಣಗಳಾಗಿ ಬರೆದ. ಅವಧಾನದಲ್ಲಿ ಆ ಪೂರಣ ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಇಲ್ಲಿ ಹಾಡು ಸೀಕರ್ ಅವರ ತಂಡದ ಆಲ್ಬಮ್ಮಿನಲ್ಲಿ ಹೊರಬರಲು 2004 ಆಯಿತು. ಮೊದಲ ಸಲ ಕೇಳಿದಾಗ ರಕರ್ ಅವರಿಗೆ ಅದು ಅಷ್ಟಾಗಿ ಹಿಡಿಸಿರಲಿಲ್ಲ. ಮಗಳ ಶಾಲೆಯ ಕಾರ್ಯಕ್ರಮದಲ್ಲಿ ಶಿಕ್ಷಕರ ವಾದ್ಯತಂಡ ಅದನ್ನೇ ಡ್ರಮ್ ಸಮೇತ ನುಡಿಸಿದಾಗ, ತಾವು ಹಾಡಬೇಕಾದ ಹಾಡು ಇದೇ ಎಂದು ಅವರಿಗೆ ಹೊಳೆಯಿತು. 2013ರಲ್ಲಿ ಅದು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು, ಮರುವರ್ಷ ಗ್ರ್ಯಾಮಿ ಗಳಿಸಿತು. ಪಲ್ಲವಿ ಹುಟ್ಟಿ ಆಗ 40 ವರ್ಷ ತುಂಬಿತ್ತು!

ಸಮಯ ಕಡಿಮೆ ಇರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. 2009ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಅವರನ್ನು ವರ್ಷದ ಹೊಸ ಕಲಾವಿದ ಎಂದು ಗೌರವಿಸಿತು. ತಂಡಕ್ಕೆ ‘ಹೊಸ ಕಲಾವಿದ’ ಗ್ರ್ಯಾಮಿ ಬಂದು ಆಗ 13 ವರ್ಷಗಳಾಗಿದ್ದವು. 2012ರಲ್ಲಿ ನ್ಯಾಶ್‌ವಿಲ್‌ನ ಪ್ರತಿಷ್ಠಿತ ಕಂಟ್ರಿ ಸಂಗೀತ ವೇದಿಕೆ ಹಾಗೂ ರೇಡಿಯೊ ಕಾರ್ಯಕ್ರಮವಾದ ಗ್ರ್ಯಾಂಡ್ ಓಲ್ ಆಪ್ರಿ ಅವರನ್ನು ಸದಸ್ಯರನ್ನಾಗಿ ಸೇರಿಸಿಕೊಂಡಿತು. 1920ರ ದಶಕದಲ್ಲಿ ಇದೇ ಆಪ್ರಿಯ ಆರಂಭದ ತಾರೆಗಳಲ್ಲಿ ಒಬ್ಬರು ಡಿಫೋರ್ಡ್ ಬೇಲಿ ಎಂಬ ಕಪ್ಪು ಜನಾಂಗದ ಹಾರ್ಮೋನಿಕಾ ವಾದಕರಾಗಿದ್ದರು, ಬ್ಯಾಂಜೊ ವಾದ್ಯದ ಬೇರೂ ಆಫ್ರಿಕಾದಲ್ಲಿದೆ ಎಂಬುದನ್ನು ನೆನೆದರೆ, ರಕರ್ ಅವರನ್ನು ಹೊರಗಿನಿಂದ ಬಂದವರು ಎನ್ನಲು ನನಗೆ ಮನಸ್ಸು ಬರುವುದಿಲ್ಲ. 2019ರಲ್ಲಿ ಅವರ ಹಳೆಯ ರಾಕ್ ತಂಡ ಮತ್ತೆ ಒಂದಾಗಿ ಹೊಸ ಆಲ್ಬಮ್ ತಂದಿತು. ಅದನ್ನು ಹೊರತಂದದ್ದೂ ನ್ಯಾಶ್‌ವಿಲ್‌ನ ಅದೇ ಕ್ಯಾಪಿಟಲ್ ಸಂಸ್ಥೆ.