ಹದಿನೆಂಟಾದ ಮೇಲೆ ವಿಚಾರಿಸುವವರು ಯಾರು?

ಕೇಳುಗರಿಗೆ ನಮಸ್ಕಾರ.

ನಮ್ಮ ಮಲೆನಾಡಿನ ಮನೆಗಳಲ್ಲಿ ಹದಿನೆಂಟು ತುಂಬಿತೆಂದು ಮಕ್ಕಳನ್ನು ಯಾರೂ ಹೊರಗೆ ಕಳಿಸುವುದಿಲ್ಲ. ಹುಡುಗ ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದರೂ ರಜೆ ಬಂತೆಂದರೆ ತೀರ್ಥಹಳ್ಳಿ ಬಸ್ಸು ಹತ್ತುತ್ತಾನೆ. ವಾಪಸ್ ಬರುವಾಗ ಅಕ್ಕಿ, ಉಪ್ಪಿನಕಾಯಿ ಜೊತೆಗಿರುತ್ತದೆ. ಕೆಲಸ ಹೋಯಿತು ಅನ್ನಿ, ಅಡಿಕೆ ಕೊಯ್ಲು ಮುಗಿಯುವ ತನಕ ಮನೆಯಲ್ಲೇ ಇದ್ದು ಬೇರೆ ಕೆಲಸ ಹುಡುಕುತ್ತಾನೆ. ಬಾಲಮಂದಿರದಲ್ಲೋ ಸರ್ಕಾರ ಗೊತ್ತುಮಾಡಿದ ಪೋಷಕ ಕುಟುಂಬದಲ್ಲೋ ಬೆಳೆದವರಲ್ಲಿ ಎಷ್ಟೋ ಜನಕ್ಕೆ ಹಾಗೆ ಹೋಗಲು ಮನೆಯಿಲ್ಲ.

ಅವರು ಮುಂದೆ ಏನಾಗುತ್ತಾರೆ? ಸುಮ್ನೆ ಒಂದು ಸಲ ಫಾರಂ ತುಂಬಿಸಿಕೊಂಡರೆ ಇದು ಗೊತ್ತಾಗುವುದಿಲ್ಲ. ಅದೇ ಜನರನ್ನು ವರ್ಷಗಟ್ಟಲೆ ಹುಡುಕಿ ಮಾತಾಡಿಸಬೇಕು. ಅಮೆರಿಕದಲ್ಲಿ ಮಾರ್ಕ್ ಕರ್ಟ್ನಿ ಎಂಬ ಸಂಶೋಧಕರು ಮತ್ತು ಜೊತೆಯವರು ಅದನ್ನೇ ಮಾಡಿದರು. ಇಲಿನಾಯ್, ಅಯೋವಾ, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಸರ್ಕಾರದ ಆರೈಕೆಯಲ್ಲಿದ್ದ 732 ಮಂದಿಯನ್ನು 2002-03ರಲ್ಲಿ ಮೊದಲು ಭೇಟಿಯಾದರು. ಆಗ ಅವರಿಗೆ 17-18 ವರ್ಷ. ಐದನೇ ಸುತ್ತಿನ ಹೊತ್ತಿಗೆ 26. ಆಗಲೂ 596 ಜನ ಸಿಕ್ಕರು! ಮನೆ, ಫೋನ್ ನಂಬರು ಬದಲಾಗುತ್ತಲೇ ಇರುವ ವಯಸ್ಸು ಅದು. ಅಷ್ಟು ಮಂದಿಯ ಜಾಡು ಬಿಡದೆ ಇದ್ದದ್ದೇ ನನ್ನ ಮಟ್ಟಿಗೆ ದೊಡ್ಡ ಕೆಲಸ.

ಸಿಕ್ಕ ಉತ್ತರ ಮಾತ್ರ ಕಹಿ. 26ರಲ್ಲಿ ಎರಡು ಅಥವಾ ನಾಲ್ಕು ವರ್ಷದ ಕಾಲೇಜು ಪದವಿ ಪಡೆದಿದ್ದವರು ನೂರಕ್ಕೆ ಸುಮಾರು 8. ಅದೇ ವಯಸ್ಸಿನ ಉಳಿದವರಲ್ಲಿ ಸುಮಾರು 46. ಒಮ್ಮೆಯಾದರೂ ಸೂರಿಲ್ಲದೆ ಕಳೆದವರು ನೂರಕ್ಕೆ 31ರಿಂದ 46ರ ನಡುವೆ ಎಂದು ಲೆಕ್ಕ ಸಿಕ್ಕಿತು.

ಇನ್ನೊಂದು ವಿಷಯವೂ ಹೊರಬಿತ್ತು. ಇಲಿನಾಯ್‌ನಲ್ಲಿ 21ರವರೆಗೆ ಸರ್ಕಾರದ ಆರೈಕೆಯಲ್ಲೇ ಇರಬಹುದಿತ್ತು, ಉಳಿದೆರಡು ರಾಜ್ಯಗಳಲ್ಲಿ ಸಾಮಾನ್ಯವಾಗಿ 18ಕ್ಕೇ ಮುಗಿಯುತ್ತಿತ್ತು. ಇಲಿನಾಯ್‌ನವರೇ ಜಾಸ್ತಿ ಕಾಲೇಜು ಮೆಟ್ಟಿಲು ಹತ್ತಿದ್ದರು. 2008ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಕಾನೂನು ಮಾಡಿ, 21ರವರೆಗೆ ಇರಿಸಿಕೊಳ್ಳುವ ರಾಜ್ಯಗಳಿಗೆ ಹಣ ಕೊಡಲು ಒಪ್ಪಿತು.

ನಮ್ಮಲ್ಲೂ ಕಾನೂನಿದೆ. 2015ರ ಬಾಲನ್ಯಾಯ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಬಾಲಮಂದಿರದಂಥ ಸಂಸ್ಥೆ ಬಿಟ್ಟವರಿಗೆ 21ರವರೆಗೆ ನೆರವು ಸಿಗಬಹುದು, ವಿಶೇಷ ಸಂದರ್ಭದಲ್ಲಿ 23ರವರೆಗೂ. ಇದಕ್ಕೆ ಅನುಪಾಲನೆ ಎನ್ನುತ್ತಾರೆ. ಮಕ್ಕಳ ರಕ್ಷಣೆಗಿರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4000 ರೂಪಾಯಿ ಇಟ್ಟಿದ್ದಾರೆ. ಶಿವಮೊಗ್ಗದಲ್ಲಿ ಅಷ್ಟರಲ್ಲಿ ಬಾಡಿಗೆ, ಊಟ ಎರಡೂ ಆಗುತ್ತಾ? ನೀವೇ ಲೆಕ್ಕ ಹಾಕಿ. ರೂಮಿನ ಅಡ್ವಾನ್ಸ್ ಬೇರೆ. ಅದೂ ಅಲ್ಲದೆ, ಹೀಗೊಂದು ನೆರವಿದೆ ಅಂತ ಹದಿನೇಳರ ಹುಡುಗಿಗೆ ಯಾರಾದರೂ ಕೂರಿಸಿಕೊಂಡು ಹೇಳಬೇಕಲ್ವಾ?

ನನ್ನದೊಂದು ಸಲಹೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಓದುವ ವಿದ್ಯಾರ್ಥಿಗಳಿದ್ದಾರೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಜೊತೆ ಸೇರಿ, ಈ ವರ್ಷ ಬಾಲಮಂದಿರಗಳಿಂದ ಹೊರಬರುವವರ ಒಪ್ಪಿಗೆ ಪಡೆದು, ಅವರನ್ನು ವರ್ಷಕ್ಕೊಮ್ಮೆ ಮಾತಾಡಿಸಲಿ. ಒಂದು ಬ್ಯಾಚು ಓದು ಮುಗಿಸಿದರೆ ಮುಂದಿನ ಬ್ಯಾಚು ಪಟ್ಟಿ ವಹಿಸಿಕೊಳ್ಳಲಿ. ಮೊದಲ ಫಾರಂ ಉದ್ದ ಬೇಡ. ಎಲ್ಲಿದ್ದೀರಿ, ಬಾಡಿಗೆ ಎಷ್ಟು, ಆಧಾರ್‌ನಲ್ಲಿ ಈಗ ಯಾವ ವಿಳಾಸವಿದೆ, ಜ್ವರ ಬಂದರೆ ಯಾರಿಗೆ ಫೋನ್ ಮಾಡುತ್ತೀರಿ? ಇಷ್ಟರಿಂದ ಶುರುಮಾಡಬಹುದು.

ನಮಸ್ಕಾರ.